ಅಪ್ಪ ಸೇತುವೆಯ ಮೇಲೆ ನಿಲ್ಲಿಸಿ ಹೋದ ಹುಡುಗ

ಚಾರ್ಜರ್ ಬಿಸಿಯಾಗಿ ಪ್ಲಾಸ್ಟಿಕ್ ವಾಸನೆ ಬಂದರೆ ನನಗೆ ಈಗಲೂ ಶೆಟಗೇರಿಯ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಹಡಗಿನಲ್ಲಿ ಕೆಲಸಕ್ಕಿದ್ದ ಅಪ್ಪ ಜಪಾನಿನಿಂದ ವಿಡಿಯೋ ಗೇಮ್ ತಂದಿದ್ದ. ಟಿವಿಯೊಳಗಿನ ಕತ್ತಿ ಹಿಡಿದ ಹುಡುಗ ಗುಡ್ಡ ಸುತ್ತಿದರೆ ಗುಡ್ಡದ ಬೆನ್ನೂ ಕಾಣುತ್ತಿತ್ತು. ಆಟ ಉಳಿಸಿಡುವ ಕಾರ್ಡ್ ಇರಲಿಲ್ಲ. ಬಂದ್ ಮಾಡಿದರೆ ಮತ್ತೆ ಮೊದಲಿನಿಂದ. ಹಡಗಿಗೆ ಮರಳಿ ಹೊರಡುವ ದಿನವೂ ಅಪ್ಪನೇ ಆಡಿ, ಹುಡುಗನನ್ನು ಸೇತುವೆಯ ಮೇಲೆ ನಿಲ್ಲಿಸಿ, ಬಂದ್ ಮಾಡದೆ ಅಂಕೋಲೆಗೆ ಹೋಗಿ ಮುಂಬೈ ಬಸ್ ಹತ್ತಿದ.

ಇನ್ನು ನನ್ನ ಸರದಿ, ಮೊದಲಿನಿಂದ ಆಡುತ್ತೇನೆಂದು ಬಂದ್ ಮಾಡುವ ಗುಂಡಿ ಒತ್ತಲು ಹೋದರೆ ಅಜ್ಜಿ ತಡೆದಳು. "ಅವ ಮುಂಬೈ ಮುಟ್ಟೂ ತನಕ ಮನೆ ಕಸ ಹೊಡೂದಿಲ್ಲ. ಅದನ್ನೂ ಬಂದ್ ಮಾಡೂದು ಬ್ಯಾಡ."

ಮರುದಿನ ಮಧ್ಯಾಹ್ನ, ಮುಟ್ಟಿದೆನೆಂದು ಅಪ್ಪನ ಫೋನ್ ಬಂತು. ಅಜ್ಜಿ ಕಸಬರಿಗೆ ಎತ್ತಿಕೊಂಡು, "ಈಗ ಒತ್ತು" ಎಂದಳು.

ಗುಂಡಿಯ ಮೇಲೆ ಬೆರಳಿಟ್ಟೆ. ಗೇಮಿನ ಪೆಟ್ಟಿಗೆ ಬಿಸಿಯಾಗಿತ್ತು. ಹುಡುಗ ಇನ್ನೂ ಸೇತುವೆಯ ಮೇಲೇ ನಿಂತಿದ್ದ.

"ಅಜ್ಜಿ, ನೀ ಮೊದ್ಲು ಆ ಬದಿ ಕಸ ಹೊಡಿ" ಎಂದೆ.