ಆಳೆತ್ತರದ ದಾಸವಾಳ

ಸಕ್ಕರೆ ಕಾಯಿಲೆಯ ಅತ್ತೆಯ ತಟ್ಟೆಯನ್ನು ನಾನು ಕಾಯುತ್ತೇನೆ. ಬಾಲ್ಕನಿಯಲ್ಲಿ ಕೂತು ಅವರು ನನ್ನನ್ನು ಕಾಯುತ್ತಾರೆ. ಅಲ್ಲಿಂದ ಎದುರಿನ ಪಾರ್ಕಿನ ಮೂಲೆಮೂಲೆಯೂ ಕಾಣುತ್ತದೆ. ಯಾರ ಕಣ್ಣಿಗೂ ಬೀಳದ ಅರ್ಧ ಗಂಟೆ ನನಗೆ ಬೇಕಿತ್ತು.

ಪಾರ್ಕನ್ನು ಹೊಸದಾಗಿ ಕಟ್ಟಲು ಬಡಾವಣೆಯವರ ಸಭೆ ಕರೆದಿದ್ದರು. ನಕ್ಷೆಯ ತುಂಬ ಟೈಲ್ಸು, ದೀಪದ ಕಂಬ, ಕತ್ತರಿಸಿದ ಹುಲ್ಲು.

"ಸರ್, ಚಿಟ್ಟೆ, ಗುಬ್ಬಿಗಳಿಗೆ ಒಂದಿಷ್ಟು ಪೊದೆ ಬೇಡ್ವಾ?" ಎಂದೆ.

"ಪೊದೆ ಇದ್ರೆ ಹಾವು ಬರುತ್ತೆ ಮೇಡಂ," ಎಂದರು ಎಂಜಿನಿಯರು.

ಪಕ್ಕದಲ್ಲಿದ್ದ ಅತ್ತೆ ಎದ್ದು ನಿಂತರು. ನನ್ನ ಕತೆ ಮುಗಿಯಿತು ಎಂದುಕೊಂಡೆ.

"ಬಂದ್ರೆ ಬರ್ಲಿ ಬಿಡಿ, ಪಾಪ ಅದಾದ್ರೂ ಎಲ್ಲಿಗೆ ಹೋಗುತ್ತೆ? ದಾಸವಾಳ ಹಾಕ್ಸಿ, ಪೂಜೆಗೂ ಆಗುತ್ತೆ. ಆಳೆತ್ತರ ಬೆಳೀಲಿ, ಯಾರೂ ಕತ್ತರಿ ಹಾಕ್ಬಾರ್ದು."

ಅತ್ತೆಗೆ ಜೀವಜಂತುಗಳ ಮೇಲೆ ಇಷ್ಟು ಕರುಣೆಯೇ ಎಂದು ಬೆರಗಾದೆ.

ಎರಡು ಮಳೆಗಾಲ ಕಳೆದು ಗಿಡಗಳು ಆಳೆತ್ತರವಾದವು. ಒಂದು ಸಂಜೆ, ಅತ್ತೆ ಜಪಕ್ಕೆ ಕೂತ ಕೋಣೆಯ ಮುಚ್ಚಿದ ಬಾಗಿಲಿಗೆ "ತರಕಾರಿ ತರ್ತೀನಿ ಅತ್ತೆ" ಎಂದು ಹೇಳಿ, ಚೀಲದೊಳಗೆ ಕಾದಂಬರಿ ಇಟ್ಟುಕೊಂಡು ಹೊರಟೆ. ಪಾರ್ಕಿಗೆ ಹೋಗಿ ಕೊಂಬೆ ಸರಿಸಿದೆ.

ಮಡಿಲಲ್ಲಿ ಜಿಲೇಬಿ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದ ಅತ್ತೆ ತಲೆಯೆತ್ತಿದರು.

"ಅಲ್ಲೇ ನಿಂತ್ರೆ ಕಾಣಿಸ್ತೀಯ ಕಣೆ, ಒಳಗೆ ಬಾ."