ಹೆರಿಗೆ ಆಸ್ಪತ್ರೆಯ ನೀರಿಗೊಂದು ತಾಳ

ಊರಿನ ನೀರಿನ ಪಂಪು ಕರೆಂಟಿನಿಂದ ಓಡುವ ಕಾಲ ಮುಗಿದಿತ್ತು. ಈಗ ಸಿಬ್ಬಂದಿ ಬೆಳಗ್ಗೆ ಒಟ್ಟಿಗೆ ಕೂತು ಹಾಡಿ ನುಡಿಸಬೇಕು. ಅವರು ಒಬ್ಬರನ್ನೊಬ್ಬರು ಮನಸ್ಸಿಟ್ಟು ಕೇಳಿದಷ್ಟು ಹೊತ್ತು ಮಾತ್ರ ಪಂಪು ಓಡುತ್ತಿತ್ತು. ಗುಮಾಸ್ತೆ ನಾಗವೇಣಿಯದು ಪಿಟೀಲು, ಫಿಟ್ಟರ್ ದಸ್ತಗೀರನದು ಮೃದಂಗ. ಹಾಡುಗಾರಿಕೆ ಎಂಜಿನಿಯರ್ ಗುರುಪಾದಪ್ಪನವರ ಹುದ್ದೆಗೇ ಸೇರಿದ್ದು. ಅವರು ನಾಯಕತ್ವದ ತರಬೇತಿ ಮುಗಿಸಿ ನಿನ್ನೆಯಷ್ಟೇ ಮರಳಿದ್ದರು.

ಮೃದಂಗ ಒಂಟಿಯಾಗಿ ನುಡಿಯುವ ತನಿ ಬಂತು. ಆಗ ಹಾಡುವವರು ಬಾಯಿ ಮುಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕಬೇಕು. ಗುರುಪಾದಪ್ಪ ಸಾಹೇಬರು ತಾಳ ಬಿಟ್ಟು ಎದ್ದುಹೋಗಿ, ತಂಡವಾಗಿ ದುಡಿಯುವುದರ ಮಹತ್ವವನ್ನು ಫೋನಿನಲ್ಲಿ ಯಾರಿಗೋ ವಿವರಿಸತೊಡಗಿದರು. ಪಂಪು ನಿಂತಿತು.

"ಅಕ್ಕಾ, ಹೆರಿಗೆ ಆಸ್ಪತ್ರೆ ಟ್ಯಾಂಕಲ್ಲಿ ಹನಿ ನೀರಿಲ್ಲ," ಎಂದ ದಸ್ತಗೀರ್.

ನಾಗವೇಣಿಯ ನೌಕರಿ ಕಾಯಂ ಮಾಡುವ ಕಡತ ಸಾಹೇಬರ ಸಹಿಗೆ ಕಾದಿತ್ತು. ಆದರೂ ಅವಳು ಮೆಲ್ಲಗೆ ಕರೆದಳು: "ಸಾರ್... ತಾಳ..."

"ಏನಮ್ಮಾ, ನಂಗೇ ಹೇಳ್ಕೊಡ್ತೀಯಾ? ತಾಳ ಹಾಕೋಕೂ ಎಂಜಿನಿಯರ್ರೇ ಬೇಕಾ?"

"ಬೇಡ ಬಿಡಿ ಸಾರ್," ಎಂದ ನಾಗವೇಣಿ ಪಿಟೀಲು ಕೆಳಗಿಟ್ಟು, ಎಲ್ಲಿ ತಪ್ಪೀತೋ ಎಂದು ಹೆದರುತ್ತಲೇ ತಾನೇ ತಾಳ ಹಾಕಿದಳು. ದಸ್ತಗೀರನ ಮುಖ ಅರಳಿತು. ಪಂಪು ಹೊರಟಿತು.

"ಕೇಳಿಸ್ತಾ?" ಸಾಹೇಬರು ಫೋನಿಗೆ ಹೇಳಿದರು. "ಇದೇ ನೋಡಿ ನಾಯಕತ್ವ ಅಂದ್ರೆ!"

ಆಸ್ಪತ್ರೆಯ ಟ್ಯಾಂಕು ತುಂಬುವವರೆಗೆ ಅವರ ಮಾತು ಮುಗಿಯದಿರಲಪ್ಪಾ ಎಂದು ನಾಗವೇಣಿ ಕಂಡ ದೇವರಿಗೆಲ್ಲ ಹರಕೆ ಹೊತ್ತಳು.