ತೊಟ್ಟಿಯ ಹಳೇ ಮರಳು

ಭಾನುವಾರ ಬೆಳಿಗ್ಗೆ ದಿವಾಕರ ತನ್ನ ಉಪ್ಪುನೀರಿನ ಅಕ್ವೇರಿಯಂ ಬರಿದು ಮಾಡಲು ಕೂತಿದ್ದ. ಮೀನುಗಳನ್ನೆಲ್ಲ ಡ್ರಮ್ಮಿಗೆ ಬಿಟ್ಟಾಗಿತ್ತು. ಇನ್ನು ತಳದ ಹಳೇ ಮರಳನ್ನು ಬಾಚಿ ಚೀಲಕ್ಕೆ ತುಂಬಿ ಎಸೆಯಬೇಕು. ನಾಲ್ಕು ವರ್ಷದ ಕೊಳೆ ಕುಳಿತು ಅದು ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು.

"ಸ್ವಲ್ಪ ನಿಧಾನಕ್ಕೆ ತೆಗೀರಿ. ಆ ಹಳದಿ ಮೀನು ಮರಳೊಳಗೇ ಇದೆ" ಎಂದಳು ಹೆಂಡತಿ ಕುಮುದಾ.

"ಅದು ಕಾಣದೆ ಆರು ತಿಂಗಳಾಯ್ತು, ಸತ್ತೇ ಹೋಗಿದೆ."

"ನೀವು ಆಫೀಸಿಗೆ ಹೋದ ಮೇಲೆ ದಿನಾ ಹೊರಗೆ ಬರುತ್ತೆ. ನೀವಿದ್ರೆ ಹೂತುಕೊಂಡುಬಿಡುತ್ತೆ."

ದಿವಾಕರ ನಕ್ಕ. ಈ ಆರು ತಿಂಗಳಲ್ಲಿ "ನಮ್ಮವಳಿಗೆ ಸತ್ತ ಮೀನು ದರ್ಶನ ಕೊಡುತ್ತೆ" ಎಂದು ಹೇಳಿ ಅವನು ನೆಂಟರಿಷ್ಟರನ್ನೆಲ್ಲ ನಗಿಸಿದ್ದ. ಅವಳ ತಂಗಿಯೂ ನಕ್ಕಿದ್ದಳು.

"ಮೀನು ಸಾಕಿದ್ದು ನಾನು, ಅವುಗಳ ಬಗ್ಗೆ ಓದಿದ್ದು ನಾನು. ಕಾಣೋದು ಮಾತ್ರ ನಿನಗಾ? ತಲೆ ನೆಟ್ಟಗಿದೆಯೇನೇ?" ಎಂದ ಈಗ ದಿವಾಕರ.

ಕುಮುದಾಳ ದನಿ ಇಳಿಯಿತು. "ಇವತ್ತೂ ಸಿಗದಿದ್ರೆ ನನಗೇ ಭ್ರಮೆ ಅಂತ ಒಪ್ಕೋತೀನಿ. ನೀವು ಹೇಳಿದ ಡಾಕ್ಟರ ಹತ್ರ ಬರ್ತೀನಿ."

ಅವಳು ಒರೆಸುವ ಬಟ್ಟೆ ತರಲು ಒಳಗೆ ಹೋದಳು. ದಿವಾಕರ ಕೊನೆಯ ಮಗ್ ಮರಳನ್ನು ಚೀಲಕ್ಕೆ ಸುರಿದ. ಕಪ್ಪು ಕೆಸರಿನ ನಡುವೆ ಬೆರಳುದ್ದದ ಹಳದಿ ಮೀನೊಂದು ಬಾಲ ಬಡಿಯಿತು, ಬಾಯಿ ತೆರೆದು ಮುಚ್ಚಿತು. ಅವನು ಅದನ್ನೇ ನೋಡುತ್ತ ಕೂತ.

"ಸಿಕ್ತೇನ್ರೀ?" ಕುಮುದಾ ಒಳಗಿನಿಂದ ಕೇಳಿದಳು.

"ಇಲ್ಲ ಕಣೇ" ಎನ್ನುತ್ತ ದಿವಾಕರ ಚೀಲದ ಬಾಯಿಗೆ ಹಗ್ಗ ಬಿಗಿದ.